ಮನ್ನಾ ಮಾಡದ ಮುಯ್ಯಿ

ಕೆಂಗಾಳಿ ಶಕ ಇನ್ನೂರ ಹದಿನಾಲ್ಕು,
ಹದಿಮೂರನೇ ತಿಂಗಳು, ಮೂವತ್ತೇಳನೇ ತಾರೀಖು.
ತಿದಿ ಓಣಿ, ಕೆಂಗಲ್ಲಹಟ್ಟಿ.

ಹಿರಿಯರೇ,

ಮೇಲಿನ ತಾರೀಖು ನೋಡಿ, ಬರೆದವನಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ಕೆಂಪು ಧೂಳಿನ ಗಾಳಿ ಬೀಸಿದ ದಿನವನ್ನು ನಾವು ಮಾಮೂಲಿ ತಿಂಗಳಿಗೆ ಸೇರಿಸುವುದಿಲ್ಲ. ಮನೆಯಿಂದ ಹೊರಗೆ ಕಾಲಿಡಲಾಗದ ದಿನ ದಿನವೇ ಅಲ್ಲ ಎಂದು ನಮ್ಮ ತಾತಂದಿರು ತೀರ್ಮಾನ ಮಾಡಿದರು. ಅಂಥ ದಿನಗಳನ್ನೆಲ್ಲ ಎತ್ತಿ ಹದಿಮೂರನೇ ತಿಂಗಳು ಎಂಬ ಬೇರೆ ಡಬ್ಬಿಗೆ ಹಾಕುತ್ತೇವೆ. ನಿನ್ನೆ ಆರನೇ ತಿಂಗಳಿತ್ತು. ನಾಳೆ ಗಾಳಿ ನಿಂತರೆ ಮತ್ತೆ ಆರನೆಯದೇ. ಇವತ್ತು ಮಾತ್ರ ಹದಿಮೂರು. ಈ ತಿಂಗಳಿಗೆ ಹಬ್ಬವಿಲ್ಲ, ಮದುವೆಯಿಲ್ಲ, ಮುಗಿಯುವ ಅಭ್ಯಾಸವಂತೂ ಇಲ್ಲವೇ ಇಲ್ಲ.

ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಬೀಳಬಹುದು, ಕ್ಷಮೆಯಿರಲಿ. ನಮ್ಮ ಕನ್ನಡದಲ್ಲಿ ಗಾಳಿಗೆ ಪದಗಳು ಹೆಚ್ಚು, ಹಸಿರಿಗೆ ಕಡಿಮೆ. ಇದ್ದದ್ದಕ್ಕೆ ಹೆಸರು ಬೇಕು, ಇಲ್ಲದ್ದಕ್ಕೆ ಯಾಕೆ ಬೇಕು. ‘ಹಿರಿಯರೇ’ ಎಂದದ್ದಕ್ಕೂ ನಗಬೇಡಿ. ನಿಮ್ಮಲ್ಲಿ ಕೆಲವರಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬರದಿರಬಹುದು. ಆದರೂ ನೀವು ನನಗಿಂತ ಮುಂಚೆ ಹುಟ್ಟಿದವರು, ನನಗಿಂತ ಮುಂಚೆ ಉಸಿರಾಡಿದವರು. ಹಿರಿತನಕ್ಕೆ ಅಷ್ಟು ಸಾಕು.

ನನ್ನ ಹೆಸರು ಗಾದಿಲಿಂಗ. ವಯಸ್ಸು ನಲವತ್ತೈದು ದಾಟಿದೆ, ಐವತ್ತು ಮುಟ್ಟುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ನಾನು ಈ ಓಣಿಯ ಸಾರುಗ. ನಿಮ್ಮ ಕಾಲದಲ್ಲಿ ನೋಟೀಸು ಬರೆದು ಗೋಡೆಗೆ ಅಂಟಿಸುತ್ತಿದ್ದರಂತೆ. ಇಲ್ಲಿ ಒಂದು ಗಾಳಿಗೆ ಕಾಗದವೂ ಹೋಗುತ್ತದೆ, ಗೋಡೆಯ ಸುಣ್ಣವೂ ಹೋಗುತ್ತದೆ. ಅದಕ್ಕೇ ಓಣಿಯ ಕಟ್ಟಳೆಗಳನ್ನು ಪ್ರಾಸಕ್ಕೆ ಕಟ್ಟಿ, ಹಲಗೆ ಬಡಿದು, ಕೂಗಿ ಹೇಳುವ ಒಬ್ಬ ಬೇಕು. ಪ್ರಾಸವಿದ್ದರೆ ಮಾತು ಮರೆಯುವುದಿಲ್ಲ, ಮರೆಯಬೇಕೆಂದರೂ ಬಿಡುವುದಿಲ್ಲ. ‘ಕೆಂಗಾಳಿ ಬಂತು, ಅಂಗಳ ಬಿಡಿ, ಬಾಗಿಲು ಜಡಿ, ತಟ್ಟಿಗೆ ನೀರು ಹೊಡಿ’ ಎಂಬುದು ನನ್ನದೇ ರಚನೆ. ಎರಡು ವರ್ಷದ ಮಕ್ಕಳೂ ಅದನ್ನು ಹೇಳುತ್ತಾರೆ. ಕವಿಗೆ ಇದಕ್ಕಿಂತ ಹೆಚ್ಚಿನ ಸನ್ಮಾನ ಬೇಕಿಲ್ಲ ಎಂದು ನಾನು ಹೇಳುತ್ತಿರುತ್ತೇನೆ. ಬೇರೆ ಸನ್ಮಾನವನ್ನು ಯಾರೂ ಮಾಡಿಯೂ ಇಲ್ಲ.

ಈ ಓಲೆ ನಿಮಗೆ ತಲುಪುವ ದಾರಿ ಸುಲಭ. ನಮ್ಮ ಓಣಿಯ ತುದಿಯಲ್ಲಿ ಗಾಳಿಬಾವಿ ಇದೆ. ನೀರಿಗಲ್ಲ, ಗಾಳಿಗೆ ತೋಡಿದ ಬಾವಿ. ಅದನ್ನು ಅಗೆದವರಿಗೆ ಮೊದಲು ಕೆಂಪು ಧೂಳು ಸಿಕ್ಕಿತು, ಅದರ ಕೆಳಗೆ ಬೂದಿ, ಅದರ ಕೆಳಗೆ ನೀವು: ಚೀಲ, ಬಾಟಲಿ, ಒಂಟಿ ಚಪ್ಪಲಿ, ಮತ್ತೆ ಚೀಲ. ಅಂದಿನಿಂದ ನಮ್ಮಲ್ಲಿ ಹಿಂದಕ್ಕೆ ಹೋಗುವುದೆಂದರೆ ಕೆಳಕ್ಕೆ ಹೋಗುವುದು. ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆ ಕಳೆದ ಮೇಲೆ, ಸಾರುಗ ಒಂದು ಹಿಂದೋಲೆ ಬರೆದು ಕುಡಿಕೆಯಲ್ಲಿಟ್ಟು ನಿಮ್ಮ ಪದರದ ತನಕ ಇಳಿಸುತ್ತಾನೆ. ಇಲ್ಲಿಯವರೆಗೆ ಒಬ್ಬರೂ ಉತ್ತರ ಬರೆದಿಲ್ಲ. ನಿಮಗೆ ಬಿಡುವಿರಲಿಕ್ಕಿಲ್ಲ. ಹಿಂದಿನ ಸಾರುಗರು ಕುಶಲ ಕೇಳಿ, ಮಳೆಯ ವಿಷಯ ವಿಚಾರಿಸಿ ಮುಗಿಸುತ್ತಿದ್ದರು. ನನಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ, ಉಸಿರು ಸ್ವಲ್ಪ ಕಮ್ಮಿ ಇದೆ. ಆದ್ದರಿಂದ ನಡುನಡುವೆ ನಿಲ್ಲುತ್ತೇನೆ, ತಾಳಿಕೊಳ್ಳಿ.

ಮೊದಲು ತಿದಿಯ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಗಳು ಅರ್ಧ ನೆಲದೊಳಗಿವೆ. ಕಿಟಕಿಗಳಿಲ್ಲ, ಕಿಟಕಿ ಎಂಬುದು ನಮ್ಮ ಗಾದೆಗಳಲ್ಲಿ ಮಾತ್ರ ಉಳಿದಿದೆ. ಗಾಳಿಬಾವಿಯ ಬಾಯಿಗೆ ಲಾವಂಚದ ಬೇರಿನ ತಟ್ಟಿಗಳನ್ನು ಒಂದರ ಕೆಳಗೊಂದು ಕಟ್ಟಿ, ಅವಕ್ಕೆ ನೀರು ಹನಿಸುತ್ತಿರುತ್ತೇವೆ. ಗಾಳಿ ಆ ಒದ್ದೆ ಬೇರುಗಳ ನಡುವೆ ನುಸುಳಿ, ಧೂಳು ಕಳೆದುಕೊಂಡು ಕೆಳಗಿಳಿಯುತ್ತದೆ. ಅಲ್ಲಿಂದ ಅದನ್ನು ಎಳೆದು ಮಣ್ಣಿನ ಕೊಳವೆಗಳಲ್ಲಿ ಮನೆಮನೆಗೆ ತಳ್ಳುವುದು ತಿದಿ. ನಿಮ್ಮ ಕಮ್ಮಾರನ ಕುಲುಮೆಯಲ್ಲಿದ್ದದ್ದೇ, ಆದರೆ ಇದು ಮಲಗಿದ ಎಮ್ಮೆಯಷ್ಟು ದೊಡ್ಡದು. ವಿದ್ಯುತ್ತು ಇದೆ, ಬಿಸಿಲು ಕಂಡ ದಿನ ಬರುತ್ತದೆ, ಆಸ್ಪತ್ರೆಗೂ ಗಿರಣಿಗೂ ಹಂಚಿ ಹೋಗುತ್ತದೆ. ತಿದಿಗೆ ಕಾಲೇ ಗತಿ. ಇಬ್ಬರು ಎದುರುಬದುರು ನಿಂತು, ಮೇಲಿನ ಹಗ್ಗ ಹಿಡಿದು, ಒಂದು ಜಾವ ತುಳಿಯಬೇಕು. ಆಮೇಲೆ ಇನ್ನಿಬ್ಬರು. ಹಗಲಿಗೂ ಇರುಳಿಗೂ ತಿದಿ ನಿಲ್ಲುವಂತಿಲ್ಲ. ತುಳಿಯುವವರಿಗೆ ಒಂದು ಹಾಡಿದೆ: ‘ತುಳಿ ತುಳಿ ತಮ್ಮ, ತಿದಿ ನಮ್ಮಮ್ಮ, ಒಳಗಿನ ಕೂಸಿಗೆ ಗಾಳಿ ಉಣಿಸಮ್ಮ.’ ಅದು ನನ್ನದಲ್ಲ, ನನ್ನ ಅಜ್ಜಿಯ ಕಾಲದ್ದು. ನನ್ನದಾಗಿದ್ದರೆ ‘ಅಮ್ಮ’ನನ್ನು ಎರಡು ಸಲ ಎಳೆದು ತರುತ್ತಿರಲಿಲ್ಲ.

ತುಳಿತ ನಡೆಯುವುದು ಮುಯ್ಯಿಯ ಮೇಲೆ. ಈ ಪದ ನಿಮ್ಮದೇ, ಮರೆತಿದ್ದರೆ ನೆನಪಿಸುತ್ತೇನೆ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ ಎಂದು ಆಳಿಗೆ ಆಳು ಮುಯ್ಯಿ ಮಾಡುತ್ತಿದ್ದಿರಲ್ಲ, ಅದೇ. ಹೊಲ ಹೋಯಿತು, ಪದ ಉಳಿಯಿತು. ನನ್ನ ಸರದಿಯಲ್ಲಿ ನೀನು ತುಳಿದರೆ ನಿನ್ನ ಸರದಿಯಲ್ಲಿ ನಾನು ತುಳಿಯಬೇಕು. ಮುಯ್ಯಿಯನ್ನು ತಡವಾಗಿ ತೀರಿಸಬಹುದು, ಜಗಳವಾಡಿ ತೀರಿಸಬಹುದು, ಬೈದುಕೊಂಡೇ ತೀರಿಸಬಹುದು. ಆದರೆ ಮನ್ನಾ ಮಾಡುವಂತಿಲ್ಲ. ಮನ್ನಾ ಮಾಡುವುದು ಒಂದೇ ಸಂದರ್ಭದಲ್ಲಿ. ಒಂದು ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದು ದಿನ ಓಣಿಯವರು ಆ ಮನೆಯ ಸರದಿಯನ್ನು ಮುಯ್ಯಿ ಕೇಳದೆ ತುಳಿಯುತ್ತಾರೆ, ಅಡುಗೆ ಮಾಡಿ ತಂದುಕೊಡುತ್ತಾರೆ. ಅದಕ್ಕೆ ಸೂತಕದ ತುಳಿತ ಎನ್ನುತ್ತೇವೆ. ಸತ್ತವನ ಹೆಸರಿನಲ್ಲಿದ್ದ ಮುಯ್ಯಿಯೆಲ್ಲ ಆ ದಿನವೇ ಮನ್ನಾ. ಕೊಡಲು ಅವನಿಗೆ ಕಾಲಿಲ್ಲವಲ್ಲ.

ಇಷ್ಟು ತಿಳಿದರೆ ನನ್ನ ಕತೆ ಹೇಳಬಹುದು.

ಹೋದ ವರ್ಷ ನನ್ನ ಪ್ರಾಸ ಗಿಡ್ಡವಾಗತೊಡಗಿತು. ಮೊದಲು ಒಂದು ಸಾರನ್ನು ಒಂದೇ ಉಸಿರಿಗೆ ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟಿಸುತ್ತಿದ್ದವನು, ನಡುವೆ ನಿಂತು ಹಲಗೆ ಬಡಿಯತೊಡಗಿದೆ. ಜನ ಇದೇನೋ ಹೊಸ ತಾಳ ಎಂದುಕೊಂಡರು. ಮೆಟ್ಟಿಲ ಹತ್ತಿರ ಬಂದಾಗಲೆಲ್ಲ ನನಗೆ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವ ಕೆಲಸ ಬರುತ್ತಿತ್ತು. ಕೆಮ್ಮು ಬಂದರೆ ಗಿರಣಿಯ ಹಿಂದೆ ಹೋಗಿ ಕೆಮ್ಮುತ್ತಿದ್ದೆ, ಗಿರಣಿ ನಡೆಯದ ದಿನ ಕೆಮ್ಮೂ ರಜೆ ತೆಗೆದುಕೊಳ್ಳಲಿ ಎಂದು ಬೇಡುತ್ತಿದ್ದೆ. ನನ್ನ ಹೆಂಡತಿ ಹುಲಿಗೆಮ್ಮ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನೀವು ಒಂದು ತುತ್ತಿಗೆ ಎರಡು ಸಲ ಉಸಿರು ತಗೋತೀರಿ. ಆಸ್ಪತ್ರೆಗೆ ಹೋಗೋಣ ನಡೀರಿ” ಎಂದಳು. ಅವಳು ಎಷ್ಟು ದಿನದಿಂದ ನನ್ನ ತುತ್ತನ್ನು ನೋಡುತ್ತಿದ್ದಳೋ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಶಶಿರೇಖಾ ಒಂದು ಗಾಜಿನ ಕೊಳವೆ ಕೊಟ್ಟು ಊದು ಎಂದರು. ಒಳಗೆ ಜೋಳದ ದಂಟಿನ ಬೆಂಡಿನಿಂದ ಮಾಡಿದ ಚಿಕ್ಕ ಚೆಂಡು. ಅದು ಮೂರನೇ ಗೆರೆ ಮುಟ್ಟಿದರೆ ಎದೆ ಗಟ್ಟಿ. ನನ್ನ ಚೆಂಡು ಮೊದಲನೇ ಗೆರೆಯ ತನಕ ಹೋಗಿ, ಸ್ವಲ್ಪ ಯೋಚಿಸಿ, ವಾಪಸ್ ಬಂತು. ಇನ್ನೊಮ್ಮೆ ಊದಿದೆ. ಈ ಸಲ ಅದು ಯೋಚಿಸಲೂ ಇಲ್ಲ. ಡಾಕ್ಟ್ರಮ್ಮ ಕೈ ತೊಳೆದು ಬಂದು ಕೂತರು. ಕೈ ತೊಳೆದು ಕೂತರೆ ಸುದ್ದಿ ಚೆನ್ನಾಗಿಲ್ಲ ಎಂದು ಊರಿಗೆಲ್ಲ ಗೊತ್ತು. ಅವರು ಚೀಟಿಯಲ್ಲಿ ಬರೆದದ್ದು ಶ್ವಾಸಕಾಠಿಣ್ಯ. ಓಣಿಯವರು ಕರೆಯುವುದು ಹೀರೇನಾರು. ಮೆತ್ತಗಿರಬೇಕಾದ ಶ್ವಾಸಕೋಶ ಬಿಸಿಲಿಗೆ ಒಣಗಿದ ಹೀರೇಕಾಯಿಯಂತೆ ಒಳಗೊಳಗೇ ಬರೀ ನಾರಾಗುತ್ತದೆ. ಅದರಿಂದ ಪಾತ್ರೆ ತಿಕ್ಕಬಹುದು, ಉಸಿರಾಡುವುದು ಕಷ್ಟ.

“ಹೋಗುತ್ತಾ ಡಾಕ್ಟ್ರಮ್ಮ?” ಎಂದಳು ಹುಲಿಗೆಮ್ಮ.

“ಹೋಗಲ್ಲಮ್ಮ. ಆಗಿರೋ ನಾರು ಮತ್ತೆ ಕಾಯಿ ಆಗಲ್ಲ. ನಿಧಾನ ಮಾಡಬಹುದು ಅಷ್ಟೇ. ಧೂಳು ಬೇಡ, ಓಟ ಬೇಡ, ತಿದಿ ಅಂತೂ ಮುಟ್ಟಲೇಬೇಡಿ.”

“ಕೂಗಬಹುದಾ?” ಎಂದು ನಾನು ಕೇಳಿದೆ.

ಡಾಕ್ಟ್ರಮ್ಮ ನನ್ನ ಮುಖ ನೋಡಿದರು. “ಇಷ್ಟು ವರ್ಷ ಕೂಗಿದ್ದು ಸಾಕಾಗಲಿಲ್ವಾ?” ಎಂದರು. ಅವರು ಒರಟಾಗಿ ಮಾತಾಡುವುದು ಅಳು ಬಂದಾಗ ಎಂದು ಆಮೇಲೆ ಗೊತ್ತಾಯಿತು.

ಉಸಿರಾಡುವ ಒಂದು ಕ್ರಮವನ್ನು ಅವರು ಕಲಿಸಿದರು. ಮೂಗಿನಲ್ಲಿ ಎಳೆದು, ತುಟಿ ಮುದುಡಿ, ಬಿಸಿ ಹಾಲು ಆರಿಸುವ ಹಾಗೆ ನಿಧಾನವಾಗಿ ಬಿಡಬೇಕು. ದಾರಿಯುದ್ದಕ್ಕೂ ನಾನು ಇಲ್ಲದ ಹಾಲನ್ನು ಆರಿಸುತ್ತ ಮನೆಗೆ ಬಂದೆ. ನಡುದಾರಿಯಲ್ಲಿ ಮನಸ್ಸು ತಾನಾಗಿಯೇ ಒಂದು ಸಾಲು ಕಟ್ಟಿತು: ‘ವಾಸಿಯಾಗದ್ದು ವಾಸಕ್ಕೆ ಬಂತು, ಬಾಸಿಂಗವಿಲ್ಲದೆ ಮನೆಯೊಳಗೆ ನಿಂತು.’ ಪ್ರಾಸ ಸಿಕ್ಕ ಖುಷಿಗೆ ನಕ್ಕೆ. ನಗು ಕೆಮ್ಮಾಯಿತು, ಕೆಮ್ಮು ನನ್ನನ್ನು ಗೋಡೆಗೆ ಆನಿಸಿತು. ಹುಲಿಗೆಮ್ಮ ಬೆನ್ನು ನೀವುತ್ತ, “ಏನು ನಗೋದೈತೆ ಇದರಾಗೆ” ಎಂದಳು. ಆ ಸಾಲನ್ನು ಅವಳಿಗೆ ಹೇಳಲಿಲ್ಲ. ನಗುವುದಕ್ಕೂ ದುಡಿಯಬೇಕು ಎಂದು ಅವತ್ತು ಕಲಿತೆ.

ಆ ರಾತ್ರಿಯೇ ಓಣಿಗೆ ಹೇಳೋಣ ಎಂದಳು ಹುಲಿಗೆಮ್ಮ. ನಾನು ಬೇಡವೆಂದೆ. ಯಾಕೆಂದು ನಿಮಗೆ ಈಗ ತಿಳಿದಿರಬಹುದು. ತಿದಿ ತುಳಿಯದವನು ಮುಯ್ಯಿ ತೀರಿಸಲಾರ. ಮುಯ್ಯಿ ತೀರಿಸಲಾರದವನಿಗೆ ಓಣಿ ಏನು ಮಾಡುತ್ತದೆ? ಓಣಿಗೆ ಅದಕ್ಕೊಂದೇ ದಾರಿ ಗೊತ್ತು. ಸಾಯುವುದಕ್ಕೆ ನನ್ನ ತಕರಾರಿರಲಿಲ್ಲ. ಅದು ನನ್ನ ಅಭಿಪ್ರಾಯ ಕೇಳಿ ಬರುವುದಿಲ್ಲ. ಆದರೆ ಸಾಯುವ ಮುಂಚೆ ಸೂತಕ ಬೇಡವಾಗಿತ್ತು. ಆದ್ದರಿಂದ ನಾನು ತುಳಿದೆ.

ನನ್ನ ಜೋಡಿ ಓಬಳೇಶ. ಸರದಿ ನೋಡಿಕೊಳ್ಳುವವನೂ ಅವನೇ, ನನ್ನ ಚಿಕ್ಕಂದಿನ ಗೆಳೆಯನೂ ಅವನೇ. ಹಾಡುವ ಭಾರ ಅವನಿಗೆ ಬಿಟ್ಟು, ಗಂಟಲು ಕೆಟ್ಟಿದೆ ಎಂದು ನೆವ ಹೇಳಿ, ನಾನು ಹಗ್ಗಕ್ಕೆ ಜೋತುಬಿದ್ದು ಮೈಭಾರವನ್ನಷ್ಟೇ ತಿದಿಯ ಮೇಲೆ ಇಳಿಸುತ್ತಿದ್ದೆ. “ಲೇ ಗಾದಿ, ತುಳೀತೀಯೋ ತೂಗಾಡ್ತೀಯೋ?” ಎಂದು ಅವನು ಹಂಗಿಸುತ್ತಿದ್ದ. “ನಿನ್ನ ಹಾಡು ಕೇಳಿ ತೂಕಡಿಕೆ ಬರ್ತೈತೆ” ಎನ್ನುತ್ತಿದ್ದೆ, ಎರಡು ಕಂತಿನಲ್ಲಿ. ಹೀಗೆ ಕೆಲವು ತಿಂಗಳು ಕಳೆದವು. ಆಮೇಲೊಂದು ಮಧ್ಯಾಹ್ನ ಕೆಂಗಾಳಿ ಎದ್ದಿತು. ಅಂಥ ಹೊತ್ತಿನಲ್ಲಿ ಎರಡರಷ್ಟು ಬಿರುಸಾಗಿ ತುಳಿಯಬೇಕು, ಯಾಕೆಂದರೆ ತಟ್ಟಿಗಳು ಕೆಸರಾಗಿ ಗಾಳಿ ಇಳಿಯುವುದಿಲ್ಲ. ಓಬಳೇಶ ಹಾಡು ಏರಿಸಿದ. ನನಗೆ ನೆನಪಿರುವುದು ಹಗ್ಗ ಮಾತ್ರ. ಅದು ಕೈಯಲ್ಲಿತ್ತು, ಆಮೇಲೆ ಬಹಳ ಎತ್ತರದಲ್ಲಿತ್ತು.

ಒಬ್ಬನಿಂದ ತಿದಿ ಮೇಲೇಳುವುದಿಲ್ಲ. ಓಣಿಗೆ ಓಣಿಯೇ ಉಸಿರು ಕಟ್ಟಿತು. ಮನೆಗಳೊಳಗಿಂದ ಮಕ್ಕಳ ಕೆಮ್ಮು ಕೊಳವೆಯಲ್ಲಿ ಹಿಂದಕ್ಕೆ ಹರಿದು ಬಂದು ತಿದಿಯ ಗುಂಡಿಯಲ್ಲಿ ಬಿದ್ದ ನನ್ನ ಕಿವಿಗೆ ಕೇಳಿಸಿತು. ಮೊದಲು ಓಡಿಬಂದವಳು ಎದುರು ಮನೆಯ ಹೊನ್ನೂರಬೀ. ಅರವತ್ತು ದಾಟಿದ ಹೆಂಗಸು, ಗಂಡನನ್ನು ಕಳೆದುಕೊಂಡವಳು, ನಾವೆಲ್ಲ ಬೀಬಮ್ಮ ಎನ್ನುತ್ತೇವೆ. ಮುಖಕ್ಕೆ ಮೂಗುಚೀಲ ಕೂಡ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಮೂಟೆಯಂತೆ ಪಕ್ಕಕ್ಕೆ ಸರಿಸಿ, ನನ್ನ ಹಗ್ಗ ಹಿಡಿದು ತುಳಿಯತೊಡಗಿದಳು. ಜಾವ ಮುಗಿಯುವ ತನಕ ಹಗ್ಗ ಬಿಡಲಿಲ್ಲ. ಮಕ್ಕಳು ಉಳಿದವು. ಎರಡು ಮನೆಯ ಕೂಸುಗಳನ್ನು ಆಸ್ಪತ್ರೆಗೆ ಹೊತ್ತೊಯ್ದಿದ್ದರು, ಅವೂ ಮರಳಿ ಬಂದವು.

ಗುಟ್ಟು ಬಯಲಾಯಿತು. ಯಾರಾದರೂ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಯಾರೂ ಬೈಯಲಿಲ್ಲ. ಗಾಳಿ ನಿಂತ ಮೇಲೆ ಓಣಿಯೆಲ್ಲ ಗಾಳಿಬಾವಿಯ ಕಟ್ಟೆಯ ಮೇಲೆ ಸೇರಿತು. ಓಬಳೇಶ ಎದ್ದು ನಿಂತು, ನನ್ನ ಕಡೆ ನೋಡದೆ, “ಗಾದಿಲಿಂಗನ ಸರದಿ ಇನ್ನ ಮ್ಯಾಲೆ ನಾವು ತುಳಿತೀವಿ. ಮುಯ್ಯಿ ಕೇಳೋದು ಬೇಡ. ಹಳೇದೂ ಮನ್ನಾ” ಎಂದ. ಎಲ್ಲರೂ ಹೂಂ ಎಂದರು. ಹೊನ್ನೂರಬೀ ಮಾತ್ರ ಎದ್ದು ಮನೆಗೆ ಹೋದಳು. ಅಷ್ಟು ಪ್ರೀತಿಯಿಂದ ನನ್ನನ್ನು ಮಣ್ಣು ಮಾಡುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಸಂಜೆಯಿಂದ ಅಡುಗೆ ಬರತೊಡಗಿತು. ಒಬ್ಬರ ಮನೆಯಿಂದ ಸಜ್ಜೆ ರೊಟ್ಟಿ, ಇನ್ನೊಬ್ಬರ ಮನೆಯಿಂದ ಹುರುಳಿ ಕಟ್ಟು, ಮತ್ತೊಬ್ಬರಿಂದ ಮೆಣಸಿನ ಸಾರು. ಅವುಗಳ ಜೊತೆಗೆ ಔಷಧಿ: ಆಡುಸೋಗೆ ಸೊಪ್ಪು, ಹಿಪ್ಪಲಿ, ಯಾರದೋ ಸೋದರಮಾವನನ್ನು ವಾಸಿ ಮಾಡಿದ ಒಂದು ಬೇರು. ಆ ಸೋದರಮಾವ ಈಗ ಎಲ್ಲಿದ್ದಾನೆ ಎಂದು ಕೇಳಿದೆ. ತೀರಿಕೊಂಡರು ಎಂದರು. ಬಂದವರೆಲ್ಲ ನನ್ನೊಂದಿಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು, ಹೀರೇನಾರು ಕಿವಿಗೆ ಬಂದಿದೆ ಎಂಬಂತೆ. ನನ್ನ ಬಗ್ಗೆ ಹುಲಿಗೆಮ್ಮನನ್ನು ಕೇಳುತ್ತಿದ್ದರು: ಊಟ ಮಾಡ್ತಾರಾ? ನಿದ್ದೆ ಮಾಡ್ತಾರಾ? ನಾನು ಎದುರಿಗೇ ಕೂತಿದ್ದೆ. ಅನ್ನ ಬಿಸಿಯಾಗಿತ್ತು, ನಾನು ತಣ್ಣಗಾಗಿದ್ದೆ. ಮೂರು ದಿಂಬಿಗೆ ಒರಗಿ, ಗೋಡೆಗೆ ಮುಖ ಮಾಡಿ ಕೂತೆ. ಮಲಗುವಂತಿಲ್ಲ, ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತದೆ. ಕೂತೇ ಸತ್ತವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

ಹುಲಿಗೆಮ್ಮ ಒಲೆ ಹಚ್ಚುವ ಕೆಲಸವಿಲ್ಲದೆ ಕೈ ಕಟ್ಟಿಕೊಂಡು ಕೂತಿರುತ್ತಿದ್ದಳು. ಬೇಡದಿದ್ದರೂ ಚಟ್ನಿ ಅರೆಯುತ್ತಿದ್ದಳು. ಒರಳಿನ ಸದ್ದಿನೊಳಗೆ ಅಳು ಬಚ್ಚಿಡಬಹುದು ಎಂಬುದು ಗಿರಣಿಯ ಹಿಂದೆ ಕೆಮ್ಮಿದವನಿಗೆ ಗೊತ್ತಾಗದೆ ಇರುತ್ತದೆಯೇ. ಒಂದು ದಿನ ಹೇಳಿದಳು: “ನೀವು ಇನ್ನಾ ಬದುಕಿದೀರಿ ಅಂತ ನನಗೊಬ್ಬಾಕೀಗೆ ಗೊತ್ತಿದ್ರೆ ಸಾಲದು. ನಿಮಗೂ ಗೊತ್ತಿರಬೇಕು.” ನಾನು ದಿಂಬು ಸರಿಮಾಡಿಕೊಂಡೆ. ಉಸಿರು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾವುದಕ್ಕೆ ಉಳಿಸುತ್ತಿದ್ದೆ ಎಂದು ಕೇಳಬೇಡಿ.

ಹನ್ನೊಂದನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಸಾವಿನ ಮನೆಯ ಬಾಗಿಲನ್ನು ಯಾರೂ ಬಡಿಯುವುದಿಲ್ಲ, ಮೆಲ್ಲಗೆ ತಳ್ಳಿ ಬರುತ್ತಾರೆ. ಇದು ಕಟ್ಟಿಗೆ ಸೀಳಿದಂತೆ ಬಡಿದ ಸದ್ದು. ಹೊನ್ನೂರಬೀ ಬಂದಿದ್ದಳು. ಕೈಯಲ್ಲಿ ರೊಟ್ಟಿ ಇರಲಿಲ್ಲ, ಬೇರು ಇರಲಿಲ್ಲ. ಸೊಂಟದ ಮೇಲೆ ಕೈಯಿತ್ತು.

“ಏನಪ್ಪಾ ಗಾದಿಲಿಂಗ, ನನ್ನ ಮುಯ್ಯಿ ಎಲ್ಲಿ?”

ಅಡುಗೆ ತಂದಿದ್ದ ಓಬಳೇಶನ ಹೆಂಡತಿ ಗಾಬರಿಯಾಗಿ, “ಬೀಬಮ್ಮ, ಎಲ್ಲಾರೂ ಮನ್ನಾ ಮಾಡೀವಲ್ಲ” ಎಂದಳು.

“ನೀವು ಮಾಡೀರಿ. ನಾನು ಮಾಡಿಲ್ಲ. ಅವತ್ತು ನಾನು ಹೂಂ ಅಂದಿದ್ದು ಯಾರಾದ್ರೂ ಕೇಳೀರಾ? ಧೂಳಾಗೆ, ಚೀಲ ಇಲ್ಲದ ಮುಖದಾಗೆ, ಇವನ ಹಗ್ಗ ಹಿಡಿದು ತುಳಿದೀನಿ. ಮಂಡಿ ಇನ್ನಾ ನೋಯ್ತೈತೆ. ಎಂದು ಕೊಡ್ತೀಯ?”

“ಬೀಬಮ್ಮ, ನನಗೆ... ಕಾಲೂರಿ... ತುಳಿಯೋಕೆ...” ಎಂದೆ.

“ತುಳಿ ಅಂದೆನಾ ನಾನು? ಕೊಡು ಅಂದೆ. ಕೈ ಇಲ್ವಾ? ಕೂತು ತಟ್ಟಿಗೆ ನೀರು ಹೊಡಿ. ನನ್ನ ಒಂದು ತುಳಿತಕ್ಕೆ ನಿನ್ನ ನಾಲ್ಕು ತೋಯಿಸಾಟ.”

ನಾಲ್ಕು! ತಟ್ಟಿ ತೋಯಿಸುವುದು ಚಿಕ್ಕ ಮಕ್ಕಳ ಕೆಲಸ ನಿಜ, ಆದರೂ ಎಂದೂ ಎರಡಕ್ಕಿಂತ ಹೆಚ್ಚು ಕೇಳಿದ್ದಿಲ್ಲ. ನನಗೆ ಸಿಟ್ಟು ಬಂತು. ಬಹಳ ದಿನದ ಮೇಲೆ ಬಂದ ಸಿಟ್ಟು. ಹಳೆಯ ನೆಂಟನಂತೆ ಒಳಗೆ ಬಂದು ಕೂತಿತು. “ಎರಡು” ಎಂದೆ.

“ನಾಲ್ಕು. ನೀನು ಬೀಳಬೇಕಾದ್ರೆ ನನ್ನ ಕೇಳಿ ಬಿದ್ಯಾ?”

“ಎರಡೂವರೆ.”

“ಮೂರು. ಇನ್ನೊಂದು ಮಾತಾಡಿದ್ರೆ ಐದು. ಮಾತಾಡೋಕೆ ನಿನ್ನ ಹತ್ರ ಉಸಿರೆಲ್ಲೈತೆ?”

ಓಬಳೇಶನ ಹೆಂಡತಿ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಹುಲಿಗೆಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ, ಒರಳಿನ ಸದ್ದು ಇಲ್ಲದ್ದರಿಂದ ಎರಡೂ ಕಾಣುತ್ತಿದ್ದವು. ಹೊನ್ನೂರಬೀ ಹೊಸ್ತಿಲ ಮೇಲೆ ಕೂತು, ಸ್ವಲ್ಪ ದನಿ ತಗ್ಗಿಸಿ ಹೇಳಿದಳು: “ನಮ್ಮ ಮನೆಯವರಿಗೂ ಇದೇ ಬಂದಿತ್ತು. ಎದೆ ಇನ್ನೂ ನಾಲ್ಕು ವರ್ಷ ನಡೀತೈತೆ ಅಂದಿದ್ರು. ಓಣಿಯೋರು ಕರುಣೆ ಮಾಡಿ ಮನ್ನಾ ಮಾಡಿದ್ರು. ನಾನೂ ಹೂಂ ಅಂದೆ. ಆತ ಅವತ್ತೇ ಸತ್ತ. ಉಸಿರು ಹೋಗಿದ್ದು ಆಮ್ಯಾಲೆ, ಒಂದು ಚಳಿಗಾಲ ಕಳೆದ ಮ್ಯಾಲೆ.” ಆಮೇಲೆ ಎದ್ದು, ಮತ್ತೆ ಮೊದಲಿನ ದನಿಯಲ್ಲೇ, “ನಾಳೆ ಬೆಳಗ್ಗೆ. ತಡ ಮಾಡಿದ್ರೆ ಓಣಿ ತುಂಬ ಮಾನ ಹರಾಜು ಹಾಕ್ತೀನಿ” ಎಂದು ಹೊರಟಳು. ಹಾಕುವವಳೇ.

ನಾನು ಬೆಳಗ್ಗೆ ಹೋದೆ. ಮನೆಯಿಂದ ಬಾವಿಗೆ ಹೋಗಲು ಮೂರು ಕಡೆ ನಿಂತು ಹಾಲು ಆರಿಸಿದೆ. ಮಕ್ಕಳು ಕೂರುವ ಮಣೆಯ ಮೇಲೆ ಕೂತು, ಸೌಟಿನಷ್ಟು ದೊಡ್ಡ ಸೋರೆಬುರುಡೆಯಲ್ಲಿ ನೀರು ಮೊಗೆದು, ಬೇರಿನ ಮೇಲೆ ಹನಿಸಿದೆ. ಲಾವಂಚದ ವಾಸನೆ ಎದ್ದಿತು. ಅದು ಮಳೆಯ ವಾಸನೆಯಂತೆ ಎಂದು ಹಳಬರು ಹೇಳುತ್ತಾರೆ; ಹೋಲಿಸಿ ನೋಡಲು ನಮಗೆ ಮಳೆ ಅಷ್ಟಾಗಿ ಪರಿಚಯವಿಲ್ಲ. ಓಬಳೇಶ ತಿದಿಯ ಮೇಲಿಂದ ನೋಡಿದ. “ಲೇ ಗಾದಿ, ಅತ್ಲಾಗೆ ಮೂಲೆ ಒಣಗೈತೆ, ಕಣ್ಣು ಕಾಣಲ್ವಾ?” ಎಂದು ಕೂಗಿದ. ಮೂಲೆ ಒಣಗಿರಲಿಲ್ಲ. ನಾನು ಅದಕ್ಕೂ ನೀರು ಹೊಡೆದೆ. ಮಾರನೆಯ ದಿನ ಅವನೂ ತನ್ನ ಹಳೆಯ ಮುಯ್ಯಿ ಕೇಳಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ನಾಚಿಕೊಂಡು ಬಂದು ಕೇಳಿದರು. ಅಡುಗೆ ಬರುವುದು ನಿಂತಿತು. ಹುಲಿಗೆಮ್ಮ ಒಲೆ ಹಚ್ಚಿದಳು. ಅವತ್ತಿನ ರೊಟ್ಟಿ ಸೀದಿತ್ತು, ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ತಿಂದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಸಮಾಧಾನವಾಗುತ್ತದೆ. ಆದರೆ ಸಾರುಗ ಇದ್ದದ್ದನ್ನು ಸಾರಬೇಕು. ನನ್ನ ಎದೆ ಸುಧಾರಿಸಿಲ್ಲ. ಈಗ ಬೆಂಡಿನ ಚೆಂಡು ಮೊದಲ ಗೆರೆಯನ್ನು ದೂರದಿಂದ ನೋಡಿ ಕೈಮುಗಿಯುತ್ತದೆ. ಸ್ನಾನ ಒಂದು ದಿನದ ಕೆಲಸ, ಲುಂಗಿ ಉಡುವುದು ಅರ್ಧ ದಿನದ್ದು. ಕೂಗುವುದನ್ನು ಬಿಟ್ಟಿದ್ದೇನೆ, ನಾನು ಪ್ರಾಸ ಕಟ್ಟಿಕೊಡುತ್ತೇನೆ, ಓಬಳೇಶ ಕೂಗುತ್ತಾನೆ, ಪ್ರತಿ ಸಲ ಒಂದು ಪದ ತಪ್ಪು ಹೇಳುತ್ತಾನೆ. ನನ್ನ ಸಾಲುಗಳೂ ಉಸಿರಿನ ಅಳತೆಗೆ ಬಂದಿವೆ. ಇತ್ತೀಚಿನದು ಇದು: ‘ಎಳೆದರೆ ಬಾರದು, ಬಿಟ್ಟರೆ ತೀರದು, ನಡುವೆ ನಾನು.’ ಮೂರನೆಯದಕ್ಕೆ ಪ್ರಾಸ ಹುಡುಕುವಷ್ಟು ದಮ್ಮಿರಲಿಲ್ಲ, ಹಾಗೇ ಬಿಟ್ಟೆ. ನನ್ನ ಮೇಲಿರುವ ಮುಯ್ಯಿ ನನ್ನ ಆಯುಸ್ಸಿಗಿಂತ ಉದ್ದವಾಗಿದೆ. ಹೊನ್ನೂರಬೀಯದು ಇನ್ನೂ ತೀರಿಲ್ಲ, ಯಾಕೆಂದರೆ ತೀರುವ ಹೊತ್ತಿಗೆ ಅವಳು ಏನಾದರೂ ನೆವ ತೆಗೆದು ಮತ್ತೊಂದನ್ನು ಸೇರಿಸುತ್ತಾಳೆ. ಒಂದು ದಿನ ಅವಳು ಬಂದು ಎಲ್ಲ ತೀರಿತು ಎಂದರೆ ನಾನು ಹುಲಿಗೆಮ್ಮನ ಕೈ ಹಿಡಿದುಕೊಳ್ಳುತ್ತೇನೆ.

ಈಗ ನಿಮ್ಮ ವಿಷಯ.

ಮೊನ್ನೆ ಹಿರಿಯರ ಅಮಾವಾಸ್ಯೆಯ ದಿನ, ವಾಡಿಕೆಯಂತೆ, ನಿಮಗೆ ಎಡೆಯಿಟ್ಟೆವು. ಎಡೆಯಿಟ್ಟ ಮೇಲೆ ಪ್ರತಿ ವರ್ಷ ಕಟ್ಟೆಯ ಮೇಲೆ ಒಂದು ಪ್ರಶ್ನೆ ಎತ್ತುತ್ತೇವೆ: ಹಿರಿಯರ ಮುಯ್ಯಿ ಮನ್ನಾ ಮಾಡೋಣವೇ? ಗುಡ್ಡ ಒಡೆದು ಕೆಂಪು ಮಣ್ಣು ಮಾರಿದವರು, ಹೊಗೆ ಬಿಟ್ಟವರು, ಕಿಟಕಿ ತೆಗೆದು ಮಲಗಿದವರು, ನಮ್ಮ ಸರದಿಯ ಉಸಿರನ್ನೂ ಸೇರಿಸಿ ಎಳೆದುಕೊಂಡವರು ನೀವು. ಈ ಸಲ ಹರೆಯದವರು ಬಹಳ ಮಂದಿ ಎದ್ದು ನಿಂತರು. “ಸತ್ತೋರ ಹತ್ರ ಎಂಥಾ ವಸೂಲಿ? ಮನ್ನಾ ಮಾಡಿ, ಮರೆತು, ನಮ್ಮ ಕೆಲಸ ನೋಡೋಣ” ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಆಯಾಸವಿತ್ತು. ಕಟ್ಟೆಯ ತುಂಬ ತಲೆಗಳು ಅಲ್ಲಾಡಿದವು. ನಾನು ಕೈ ಎತ್ತಿದೆ. ಕೂಗಲಾರದವನು ಕೈ ಎತ್ತಿದರೆ ಜನ ಸುಮ್ಮನಾಗುತ್ತಾರೆ ಎಂಬುದು ಹೀರೇನಾರಿನಿಂದ ಆದ ಒಂದೇ ಲಾಭ.

“ಮನ್ನಾ ಮಾಡಿದ್ರೆ... ಸತ್ತರು ಅಂತ ಅರ್ಥ” ಎಂದೆ. ನಿಂತು ಹಾಲು ಆರಿಸಿದೆ. “ನನ್ನ ಮುಯ್ಯಿ... ಇನ್ನೂ ಐತೆ. ಅದಕ್ಕೇ ನಾನು... ಇಲ್ಲಿದೀನಿ. ಅವರದೂ... ಇರಲಿ.”

ಹೊನ್ನೂರಬೀ ಹಿಂದಿನಿಂದ, “ನನ್ನದಂತೂ ಮನ್ನಾ ಇಲ್ಲಪ್ಪ” ಎಂದಳು. ಓಬಳೇಶ ತಲೆ ಕೆರೆದುಕೊಂಡು ಅವಳ ಪಕ್ಕಕ್ಕೆ ಹೋಗಿ ಕೂತ. ಆಮೇಲೆ ಒಬ್ಬೊಬ್ಬರೇ. ಹರೆಯದವರಲ್ಲಿ ಕೆಲವರು ಕೊನೆಯ ತನಕ ಒಪ್ಪಲಿಲ್ಲ, ಅವರ ಸಂಖ್ಯೆ ವರ್ಷವರ್ಷಕ್ಕೂ ಹೆಚ್ಚುತ್ತಿದೆ. ಮುಂದಿನ ಅಮಾವಾಸ್ಯೆಗೆ ಕೈ ಎತ್ತಲು ನಾನು ಇರುತ್ತೇನೋ ಇಲ್ಲವೋ.

ಆದ್ದರಿಂದ ಹಿರಿಯರೇ, ಓಣಿಯ ಪರವಾಗಿ ಸಾರುತ್ತಿದ್ದೇನೆ: ನಾವು ನಿಮ್ಮನ್ನು ಮನ್ನಿಸಿಲ್ಲ. ಇದನ್ನು ಬೈಗುಳ ಎಂದುಕೊಳ್ಳಬೇಡಿ. ನಮ್ಮಲ್ಲಿ ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಯಾರಿಗೂ ಕೊಡುವುದಿಲ್ಲ. ನೀವು ಈ ಓಲೆ ಓದುತ್ತಿರುವ ಹೊತ್ತಿಗೆ ನಿಮ್ಮ ಕಿಟಕಿ ತೆಗೆದಿರಬಹುದು. ಗುಡ್ಡದಲ್ಲಿ ಇನ್ನೂ ಸ್ವಲ್ಪ ಗುಡ್ಡ ಉಳಿದಿರಬಹುದು. ನಿಮ್ಮಲ್ಲೇ ಯಾರೋ ಒಬ್ಬರು ಇವತ್ತು ಆಸ್ಪತ್ರೆಯಿಂದ ಎದೆಯ ಚಿತ್ರದ ಲಕೋಟೆ ಹಿಡಿದು, ಮೆಟ್ಟಿಲ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ನಿಂತಿರಬಹುದು. ಅವರಿಗೆ ಅಡುಗೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅವರ ಹತ್ತಿರ ಏನಾದರೂ ಕೇಳಿ ಪಡೆಯಿರಿ, ಜಗಳವಾಡಿಯಾದರೂ ಸರಿ.

ಗಾಳಿ ಜೋರಾಗುತ್ತಿದೆ. ಎದುರು ಬಾಗಿಲಿನಲ್ಲಿ ಹೊನ್ನೂರಬೀ ನಿಂತು, ಬರೆದದ್ದು ಸಾಕು, ತಟ್ಟಿ ಒಣಗುತ್ತಿದೆ ಎಂದು ಕೂಗುತ್ತಿದ್ದಾಳೆ. ಕುಡಿಕೆಯ ಬಾಯಿ ಮುಚ್ಚಿ ಇದನ್ನು ನಿಮ್ಮತ್ತ ಇಳಿಸಿ, ಮೂಗುಚೀಲ ಬಿಗಿದು ನಾನು ಮಣೆಯ ಮೇಲೆ ಕೂರುತ್ತೇನೆ. ಹಗ್ಗ ಮೇಲೆ ತೂಗುತ್ತಿದೆ.

ಸರದಿ ನಿಮ್ಮದು.

ಗಾದಿಲಿಂಗ,
ಸಾರುಗ, ತಿದಿ ಓಣಿ